ಲೇತು ತೊಳೆದ ಆಳು

ಎರ್ರಿಸ್ವಾಮಿ ಫೋನಿನಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಬೆಳಿಗ್ಗೆ, ಇನ್ನೂ ಬಾಯಿ ಮುಕ್ಕಳಿಸುವ ಮೊದಲು.

ಎಣ್ಣೆ ಮಿಲ್ಲಿನ ಪಂಚಾಕ್ಷರಪ್ಪನವರು ಕೇಳಿದ್ದರು: "ನಮ್ ಮಿಲ್ಲಿನ ರಿಪೇರಿ ಎಲ್ಲಾ ನಿನಗೇ ಕೊಡಾಣ ಅಂತ ಐತೆ. ಆದ್ರೆ ಒಬ್ಬಂಟಿ ಅಂಗಡಿ ನನಗೆ ಬ್ಯಾಡಪ್ಪ. ನಿನಗೆ ಜ್ವರ ಬಂದ್ರೆ ನನ್ ಮಿಲ್ಲು ಮಲಗುತ್ತೆ. ಆಳು ಅದಾನಾ?"

"ಅದಾನೆ ಸ್ವಾಮಿ."

"ಸಂಜೆ ಬರ್ತೀನಿ. ಆಳನ್ನೂ ನೋಡಿದಂಗಾಯ್ತು, ಮಿಷನ್ನೂ ನೋಡಿದಂಗಾಯ್ತು."

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ವರ್ಕ್‌ಶಾಪಿನಲ್ಲಿ ಯಜಮಾನ ಅಂದರೂ ಎರ್ರಿಸ್ವಾಮಿ, ಆಳು ಅಂದರೂ ಎರ್ರಿಸ್ವಾಮಿ. ಇನ್ನು ಮಿಷನ್ನು ಅಂದರೆ ಅವರಪ್ಪನ ಕಾಲದ, ಕಬ್ಬಿಣ ಕಡೆಯುವ ಲೇತು. ಕಬ್ಬಿಣ ಎಲ್ಲಿ ಮುಗಿಯಿತು, ಜಿಡ್ಡು ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಹಾಗೆ ಕೆಸರಿನ ಎಮ್ಮೆಯಂತೆ ಬಿದ್ದಿತ್ತು. ಆಳಿನ ಚಿಂತೆ ಆಮೇಲೆ, ಮೊದಲು ಎಮ್ಮೆ ಮೈ ತೊಳೆಯೋಣ ಎಂದು ಅವನು ಅಂಗಿ ಬಿಚ್ಚಿದ.

ಪಕ್ಕದ ಸೈಕಲ್ ಶಾಪಿನ ಓಬಳೇಶಪ್ಪ ಸದ್ದು ಕೇಳಿ ಬಂದ. "ಡೀಸೆಲ್ ಹುಯ್ಯಿ, ನೆನೀಲಿ. ಆಮೇಲೆ ಕೆರಿ."

ಕೆರೆದರೆ ಜಿಡ್ಡು ತಣ್ಣನೆ ರೊಟ್ಟಿಯಂತೆ ಪದರ ಪದರವಾಗಿ ಎದ್ದಿತು. ಒಂದೊಂದು ಪದರದ ಅಡಿಯಲ್ಲೂ ಒಂದೊಂದು ಆಯುಧ ಪೂಜೆಯ ಕುಂಕುಮ.

"ನಿಮ್ಮಪ್ಪ ಕುಂಕುಮ ಹಚ್ಚಿದ, ನೀನೂ ಹಚ್ಚಿದೆ. ಒರೆಸಿದೋರು ಯಾರೂ ಇಲ್ಲ ನೋಡು" ಎಂದ ಓಬಳೇಶಪ್ಪ.

ಎದುರಿನ ಖಾನಾವಳಿಯ ಗಂಗಕ್ಕ ಮೂಗು ಮುಚ್ಚಿಕೊಂಡು ಬಂದಳು. "ಈ ವಾಸನೆಗೆ ಯಾರು ಬರ್ತಾರೋ. ಹುಣಸೆಹಣ್ಣು, ಸೀಗೆಪುಡಿ ಹಾಕಿ ತಿಕ್ಕು. ನಮ್ ಹಂಡೆ ಹೆಂಗೈತೆ ನೋಡು." ಅಷ್ಟಕ್ಕೇ ಬಿಡದೆ ತಾನೇ ಕೊಡ ತಂದು ನೀರು ಸುರಿದಳು.

ಲೇತು ಫಳಫಳ ಅಂದಿತು. ಎರ್ರಿಸ್ವಾಮಿ ಉಂಡು ಬರುವಷ್ಟರಲ್ಲಿ ಮೈಯೆಲ್ಲ ಕೆಂಪು ತುಕ್ಕು.

"ಕಬ್ಬಿಣಕ್ಕೆ ನೀರು ಹುಯ್ಯೋರುಂಟಾ ಗಂಗಕ್ಕ?" ಎಂದ ಓಬಳೇಶಪ್ಪ.

"ನೀನು ಡೀಸೆಲ್ ಹುಯ್ಯಿ ಅನ್ನದಿದ್ರೆ ನಾನ್ಯಾಕೆ ನೀರು ಹುಯ್ತಿದ್ದೆ?"

ಅವರಿಬ್ಬರು ಜಗಳಕ್ಕೆ ನಿಂತಿರುವಾಗ ಎರ್ರಿಸ್ವಾಮಿಯ ಹೆಂಡತಿ ಉಷಾರಾಣಿ ಮಾತಾಡದೆ ತುಕ್ಕು ತಿಕ್ಕುವ ಉಪ್ಪುಕಾಗದವನ್ನೂ ಮನೆಯ ಕೊಬ್ಬರಿ ಎಣ್ಣೆಯನ್ನೂ ತಂದಿಟ್ಟಳು. ಅವನು ತಿಕ್ಕಿದ, ಎಣ್ಣೆ ಸವರಿದ, ಕೊನೆಗೆ ಅಡಿಯ ಜಿಡ್ಡು ತೆಗೆಯಲು ಲೇತಿನ ಕೆಳಗೆ ತೂರಿದ.

ಸಂಜೆ ಬರಬೇಕಾದ ಪಂಚಾಕ್ಷರಪ್ಪನವರು ಮೂರೂವರೆಗೇ ಬಂದು ನಿಂತರು.

ಎರ್ರಿಸ್ವಾಮಿ ಹೊರಗೆ ತೆವಳಿದ. ಲೇತಿನ ಮೇಲಿದ್ದದ್ದೆಲ್ಲ ಅವನ ಮೈಮೇಲೆ ಬಂದು ಕೂತಿತ್ತು. ಕಣ್ಣು ಹಲ್ಲು ಬಿಟ್ಟರೆ ಏನೂ ಕಾಣದು. ಪಂಚಾಕ್ಷರಪ್ಪನವರು ಅವನನ್ನು ಹಿಂದೆ ನೋಡಿದ್ದು ಒಂದೇ ಸಲ, ಯಾವುದೋ ಮದುವೆಯಲ್ಲಿ, ಬಿಳಿ ಅಂಗಿಯಲ್ಲಿ.

"ಲೇ, ನಿಮ್ ಯಜಮಾನ ಎಲ್ಲಪ್ಪ?"

ಎರ್ರಿಸ್ವಾಮಿಗೆ ದೇವರೇ ಆಳು ಕೊಟ್ಟ ಹಾಗಾಯಿತು. ಗಂಟಲು ದಪ್ಪ ಮಾಡಿಕೊಂಡು, "ಮನಿಗೋಗ್ಯಾರೆ. ಕುಂತ್ಕಳ್ರಿ, ಕರೀತೀನಿ" ಎಂದ.

"ನಿನ್ ಹೆಸ್ರು?"

"ಅಂಜನಪ್ಪ" ಎಂದು ಬಾಯಿಗೆ ಬಂದದ್ದು ಹೇಳಿ ಹಿಂಬಾಗಿಲಿಗೆ ಓಡಿದ. ಸೋಪು ಸವೆಯುವ ತನಕ ಉಜ್ಜಿಕೊಂಡು, ಅದೇ ಮದುವೆಯ ಬಿಳಿ ಅಂಗಿ ತೊಟ್ಟು, ಮುಂಬಾಗಿಲಿನಿಂದ ನಿಧಾನ ನಡೆದು ಬಂದ.

ಪಂಚಾಕ್ಷರಪ್ಪನವರು ಲೇತಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದರು. "ಕೆಲ್ಸ ನಿಂದೇ ಎರ್ರಿಸ್ವಾಮಿ. ಆಳಂದ್ರೆ ಹಿಂಗಿರ್ಬೇಕು."

"ಭಾಳ ನಂಬಿಗಸ್ತ ಸ್ವಾಮಿ, ಎದುರು ಮಾತಾಡಲ್ಲ" ಎಂದು, ಅಲ್ಲೇ ನಿಂತು ಎಲ್ಲ ನೋಡಿದ್ದ ಓಬಳೇಶಪ್ಪ ಯಾರೂ ಕೇಳದಿದ್ದರೂ ಹೇಳಿದ.

"ಯಾವ ಹೊತ್ತಾದ್ರೂ ಆಳನ್ನ ಕಳಿಸ್ತಾನೆ ಎರ್ರಿಸ್ವಾಮಿ" ಎಂದಳು ಗಂಗಕ್ಕ, ತಾನು ಹಿಂದೆ ಬೀಳಬಾರದೆಂದು.

"ಹಂಗಾದ್ರೆ ನಾಳೆಯಿಂದ್ಲೇ ಕಳಿಸು. ನಮ್ ಗಾಣದ ಮಿಷನ್ನು ಎಲ್ಲಾ ಜಿಡ್ಡು ಹಿಡಿದು ಕುಂತವೆ, ಆಯುಧ ಪೂಜೆಗೆ ಹಿಂಗೇ ಹೊಳೀಬೇಕು. ಅಂಜನಪ್ಪ ತೊಳೀಲಿ. ನೀನು ಇದೇ ಬಿಳಿ ಅಂಗೀಲಿ ಬಂದು ನನ್ ಪಕ್ಕ ಕುಂತ್ಕಂಡು ಹೇಳಿ ಮಾಡ್ಸು."

ಅವರ ಕಾರು ಹೋಯಿತು. ಓಬಳೇಶಪ್ಪನಿಗೆ ಸೈಕಲ್ ಶಾಪಿನ ನೆನಪಾಯಿತು, ಗಂಗಕ್ಕನಿಗೆ ಸಾರಿನ ನೆನಪಾಯಿತು. ಎರ್ರಿಸ್ವಾಮಿ ಹೊಳೆಯುವ ಲೇತಿಗೆ ಒರಗಿದ. ಬಿಳಿ ಅಂಗಿಗೆ ಬೆನ್ನಗಲ ಕೊಬ್ಬರಿ ಎಣ್ಣೆ ಹತ್ತಿತು.

ಉಷಾರಾಣಿ ಅಂದು ಬಾಯಿ ಬಿಟ್ಟದ್ದು ಆಗಲೇ.

"ನಾಳೆ ಇಬ್ರಿಗೂ ಬುತ್ತಿ ಕಟ್ಲೇನ್ರಿ?"