ನೂರೆಪ್ಪತ್ತು ಕೆ.ಜಿ. ತೂಕದ ತರಕಾರಿ ಚಾಕು

…ಅಥವಾ ಅದು ಭಾನುವಾರವೇ ಅಲ್ಲದಿರಬಹುದು. ಅಕ್ಕನ ಕೈಯಲ್ಲಿದ್ದದ್ದು ಹುರುಳಿಕಾಯಿ ಎಂದು ನಾನು ಕಂಡಕಂಡವರಿಗೆಲ್ಲ ಹೇಳುತ್ತಾ ಬಂದಿದ್ದೇನೆ, ಅದೂ ಈಗ ಅನುಮಾನವೇ. ನನ್ನ ನೆನಪಿನ ಪ್ರಕಾರ ಅಕ್ಕ ಕುರುಬರಹಳ್ಳಿಯ ತನ್ನ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು, ಕಿಟಕಿಯಿಂದ ಎಳೆಬಿಸಿಲು ಅವಳ ಕೈಮೇಲೆ ಬೀಳುತ್ತಿತ್ತು, ಅವಳು ತಲೆಯೆತ್ತಿ, “ನಂಗೊಂದು ಒಳ್ಳೆ ಚಾಕು ಮಾಡ್ಕೊಡೋ” ಎಂದಳು. ತುಂಬ ಅಚ್ಚುಕಟ್ಟಾದ ನೆನಪು. ಅಚ್ಚುಕಟ್ಟಾದ ನೆನಪುಗಳನ್ನು ನಾನು ನಂಬುವುದಿಲ್ಲ; ನೆಂಟರು ಬರುತ್ತಾರೆಂದು ಯಾರೋ ಗುಡಿಸಿ ಒರೆಸಿಟ್ಟ ಹಾಗಿರುತ್ತವೆ. ಅಕ್ಕನ ಅಡುಗೆಮನೆಯ ಕಿಟಕಿ ತೆರೆಯುವುದು ಪಕ್ಕದ ಮನೆಯ ಗೋಡೆಗೆ. ನಡುವೆ ಒಂದು ಬೆಕ್ಕು ಓಡಾಡುವಷ್ಟು ಜಾಗ. ಅಲ್ಲಿ ಬಿಸಿಲು ಬೀಳಬೇಕಾದರೆ ಮೊದಲು ಪಕ್ಕದ ಮನೆ ಕೆಡವಬೇಕು. ಬಿಸಿಲೇ ಸುಳ್ಳಾದ ಮೇಲೆ ಚಾಕು ಎಷ್ಟರಮಟ್ಟಿಗೆ ನಿಜ? ಆದರೆ ಈ ಪ್ರಶ್ನೆ ನನಗೆ ಹೊಳೆಯುವುದಕ್ಕೆ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ನಾನು ಮಿಲ್ಲಿಂಗ್ ಮಷೀನೊಂದನ್ನು ಆರಿಸುವ ಕೆಲಸದಲ್ಲಿ ಕುತ್ತಿಗೆಮಟ್ಟ ಮುಳುಗಿದ್ದೆ, ಮತ್ತು ಬಸವೇಶ್ವರನಗರದಿಂದ ರಾಜಾಜಿನಗರದವರೆಗೆ ಒಂದು ನರಪಿಳ್ಳೆಯೂ ನನ್ನ ಪರವಾಗಿರಲಿಲ್ಲ.

ನಾನು ವಿಮಾ ಕಚೇರಿಯೊಂದರಲ್ಲಿ ಕೆಲಸ ಮಾಡುವವನು. ಕಾರು ಮಾರಿದ ಮೇಲೆ ಖಾಲಿಯಾದ ಷೆಡ್ಡಿನಲ್ಲಿ ರಜಾದಿನಗಳಂದು ಚಾಕು ಮಾಡುತ್ತೇನೆ. ಇದರಲ್ಲಿ ಗಾಬರಿಪಡುವಂಥದ್ದೇನಿದೆ ಎಂದು ನನಗೆ ಈವರೆಗೂ ಅರ್ಥವಾಗಿಲ್ಲ. ಐವತ್ತು ದಾಟಿದ ಗಂಡಸು ಬ್ಯಾಡ್ಮಿಂಟನ್ ಆಡಲು ಹೋಗಿ ಮಂಡಿಚಿಪ್ಪು ಜಾರಿಸಿಕೊಂಡರೆ ಎಳನೀರು ಹಿಡಿದು ನೋಡಲು ಬರುವ ಜನ, ಚಾಕು ಮಾಡುತ್ತೇನೆ ಎಂದರೆ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಎದುರುಮನೆಯವರು ಗೇಟಿನಾಚೆಯೇ ನಿಂತು, “ಇದಕ್ಕೆಲ್ಲ ಲೈಸೆನ್ಸ್ ಏನಾದ್ರೂ ಬೇಕಾಗುತ್ತಾ ಸಾರ್?” ಎಂದು ಕೇಳಿದರು. ಸೌತೆಕಾಯಿ ಹೆಚ್ಚುವುದಕ್ಕೆ ಬೇಕಿಲ್ಲ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಪದ್ದಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಜೀವಮಾನವೆಲ್ಲ ಈಳಿಗೆ ಮಣೆಯ ಮೇಲೆ ಕೂತು ತರಕಾರಿ ಹೆಚ್ಚಿದವಳು. ಒಂದು ಕಾಲು ಮಡಿಸಿ ಮಣೆಯ ಮೇಲಿಟ್ಟು, ಎರಡು ಕೈಯಲ್ಲೂ ಹುರುಳಿಕಾಯಿಯ ಕಟ್ಟು ಹಿಡಿದು ಅಲಗಿನ ಮೇಲೆ ಓಡಿಸಿದರೆ, ಕೆಳಗಿನ ತಟ್ಟೆಗೆ ಬೀಳುತ್ತಿದ್ದ ಚೂರುಗಳು ಸಾಸಿವೆಗಿಂತ ಸ್ವಲ್ಪ ದಪ್ಪ, ಅಷ್ಟೆ. ಹಾಗೆ ಹೆಚ್ಚಿದರೇ ಪಲ್ಯ, ಉಳಿದದ್ದೆಲ್ಲ ಬೇಯಿಸಿದ ಸೊಪ್ಪುಸದೆ ಎಂದು ಅವಳ ಮತ. ಮಂಡಿ ಹೋಯಿತು. ನೆಲದ ಮೇಲೆ ಕೂರಕೂಡದು ಎಂದು ಡಾಕ್ಟರು ಹೇಳಿದರು. ಈಳಿಗೆ ಮಣೆ ಅಟ್ಟ ಸೇರಿತು. ಅಕ್ಕ ಅಂಗಡಿಯಲ್ಲಿ ಹೆಚ್ಚಿಟ್ಟ ತರಕಾರಿಯ ಪೊಟ್ಟಣ ತರಿಸಲು ಶುರುಮಾಡಿದಳು. ಆಮೇಲೆ ಅದನ್ನೂ ಬಿಟ್ಟು ಮೊಸರನ್ನಕ್ಕೆ ಬಂದು ನಿಂತಳು. “ಒಬ್ಳಿಗೆ ಎಷ್ಟು ಬೇಕು ಬಿಡೋ” ಎನ್ನುತ್ತಿದ್ದಳು. ಮೂವತ್ತು ಜನರ ಊಟವನ್ನು ಒಬ್ಬಳೇ ಮಾಡಿ ಬಡಿಸಿ ಗೆದ್ದ ಹೆಂಗಸು ಹಾಗೆ ಹೇಳಿದರೆ ಕೇಳುವುದಕ್ಕೆ ಆಗುವುದಿಲ್ಲ.

ಆದ್ದರಿಂದ ಚಾಕು ಮಾಡಿದೆ. ಒಳ್ಳೆಯ ಉಕ್ಕು, ಹಲಸಿನ ಹಿಡಿ, ಅಲಗಿಗೂ ಹಿಡಿಗೂ ನಡುವೆ ಹಿತ್ತಾಳೆಯ ದಪ್ಪ ಪಟ್ಟಿ. ಆ ಪಟ್ಟಿಯಲ್ಲಿ ಅಲಗಿನ ಬಾಲ ತೂರುವುದಕ್ಕೆ ಒಂದು ಸೀಳು ಕೊರೆಯಬೇಕು. ನಾನು ಅದನ್ನು ಲೋಹ ಉಜ್ಜುವ ಅರ ಹಿಡಿದು ಎರಡು ಭಾನುವಾರ ತಿಕ್ಕಿದೆ. ಸೀಳು ಒಂದು ಕೂದಲೆಳೆಯಷ್ಟು ಹೆಚ್ಚು ಅಗಲವಾಯಿತು. ಒಂದೇ ಕೂದಲು, ಅದೂ ಸಣ್ಣದು. ಮೂರು ವಾರದ ಮೇಲೆ ಅಕ್ಕ ಚಾಕನ್ನು ಪೇಪರಿನಲ್ಲಿ ಸುತ್ತಿ ತಂದು, ಚಾಕನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಮೇಜಿನ ಮೇಲಿಟ್ಟು, “ಸಂದೀಲಿ ಹುಣಸೆಹುಳಿ ಕೂತು ಕಿಲುಬು ಹಿಡ್ದಿದೆ ನೋಡು” ಎಂದಳು. ಕೈಗೇ ಕೊಟ್ಟಿದ್ದರೂ ಅದಕ್ಕಿಂತ ದೊಡ್ಡ ಜಗಳ ಆಗುತ್ತಿರಲಿಲ್ಲ. ಬಳಸುವ ಕ್ರಮವೂ ಅವಳಿಗೆ ಬಂದಿರಲಿಲ್ಲ. ಚಾಕನ್ನು ಎಡಮುಷ್ಟಿಯಲ್ಲಿ ಕಂಬದ ಹಾಗೆ ನೆಟ್ಟಗೆ ನಿಲ್ಲಿಸಿ, ಅಲಗನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಬಲಗೈಯಿಂದ ಹುರುಳಿಕಾಯಿಯನ್ನು ಅದರ ಮೇಲೆ ಒತ್ತುತ್ತಿದ್ದಳು. ನಾನು ಅವಳ ಕೈ ಹಿಡಿದು ತಿದ್ದಿದೆ. “ಚಾಕು ಹೋಗ್ಬೇಕು ಅಕ್ಕ, ಕಾಯಿ ನಿಲ್ಬೇಕು” ಎಂದೆ. ಅವಳು ಸುಮ್ಮನಿದ್ದದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ.

ತಪ್ಪು ನನ್ನದಲ್ಲ, ಅರದ್ದು. ಸೀಳು ನೇರವಾಗಿ, ಅಳತೆಗೆ ಸರಿಯಾಗಿ ಬರಬೇಕಾದರೆ ಮಿಲ್ಲಿಂಗ್ ಮಷೀನು ಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗರಗರ ತಿರುಗುವ ಒಂದು ಹರಿತವಾದ ಕಟರ್, ಅದರ ಕೆಳಗೆ ಒಂದು ಕಬ್ಬಿಣದ ಮೇಜು. ಮೇಜಿನ ಮೇಲೆ ಲೋಹದ ತುಂಡನ್ನು ಬಿಗಿದು ಹಿಡಿಕೆ ತಿರುಗಿಸಿದರೆ ಬೇಕಾದ ಕಡೆ ಕೂದಲಷ್ಟೂ ತಪ್ಪದೆ ಕೊರೆಯುತ್ತದೆ. ಮನೆಯಲ್ಲೇ ಬೆಂಚಿನ ಮೇಲಿಡುವ ಪುಟ್ಟ ಮಷೀನುಗಳೂ ಬರುತ್ತವೆ. ಪುಟ್ಟ ಎಂದು ಬರೆಯುವವರು ಅವನ್ನು ಎತ್ತಿ ನೋಡಿಲ್ಲ. ಇಂಟರ್ನೆಟ್ಟಿನಲ್ಲಿ ಈ ಬಗ್ಗೆ ಹಗಲೆಲ್ಲ ಮಾತಾಡುವ ಮಹನೀಯರಿದ್ದಾರೆ. ಎಲ್ಲರಿಗೂ ನೆಲಮಾಳಿಗೆ, ನೆಲಮಾಳಿಗೆಯಲ್ಲಿ ಬಿಳಿ ಗೋಡೆ, ಗೋಡೆಯ ಮೇಲೆ ಸಾಲಾಗಿ ಸ್ಪ್ಯಾನರು. ಒಬ್ಬ ಹೇಳುತ್ತಾನೆ, ಉರುಟು ಕಂಬದ ಮಷೀನು ಬೇಡ, ತಲೆ ಎತ್ತಿ ಇಳಿಸಿದರೆ ಜಾಗ ತಪ್ಪುತ್ತದೆ. ಇನ್ನೊಬ್ಬ, ಒಳಗೆ ಪ್ಲಾಸ್ಟಿಕ್ ಹಲ್ಲುಚಕ್ರ ಇರುವುದು ಬೇಡ, ಬೆಲ್ಟಿನದೇ ಬೇಕು. ಮೂರನೆಯವನು ಇಬ್ಬರೂ ಮೂರ್ಖರೆಂದು ಸಾಧಿಸುತ್ತಾನೆ. ಮೂವರೂ ಒಪ್ಪುವ ಮಾತು ಒಂದೇ: ತೂಕ ಇರಬೇಕು. ಅರವತ್ತು ಕೆ.ಜಿ.ಯದು ಉಕ್ಕು ಕಂಡರೆ ಚಳಿಜ್ವರ ಬಂದ ಹಾಗೆ ನಡುಗುತ್ತದೆ, ನೂರೆಪ್ಪತ್ತು ಕೆ.ಜಿ.ಯದು ಅಲುಗಾಡುವುದಿಲ್ಲ.

ಅಲುಗಾಡದಿರುವುದೇ ನಮ್ಮ ಮನೆಯ ತೊಂದರೆ. ನಮ್ಮ ಷೆಡ್ಡಿನ ಕೆಳಗೆ ಸಂಪು ಇದೆ. ಕಾವೇರಿ ನೀರು ದಿನ ಬಿಟ್ಟು ದಿನ ಬಂದು ಬೀಳುವುದು ಅದರೊಳಗೇ, ಬಾರದ ದಿನ ಟ್ಯಾಂಕರಿನವನು ಪೈಪು ಇಳಿಸುವುದೂ ಅದರೊಳಗೇ. ಹೆಂಡತಿ ವಿಮಲಾ ಇದೆಲ್ಲವನ್ನೂ ಕೇಳಿ, ಬಟ್ಟೆ ಮಡಿಸುತ್ತಲೇ, “ಹೊಸ ಚಾಕು ಅಂಗಡೀಲಿ ಸಿಗಲ್ವೇನ್ರೀ?” ಎಂದಳು. ಈ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕುದಲ್ಲ. “ಹೋಗ್ಲಿ, ನೂರೆಪ್ಪತ್ತು ಕೆಜಿ ಸಂಪಿನ ಮೇಲೆ ಕೂರಿಸ್ತೀರಾ? ಚಪ್ಪಡಿ ಮುರಿದ್ರೆ ಮಷೀನ್ ತೆಗೆಯೋಕೆ ಯಾರು ಇಳೀತಾರೆ?” ಇದಕ್ಕೆ ಉತ್ತರ ಕೊಡಬಹುದಿತ್ತು, ಆದರೆ ನನ್ನಲ್ಲಿ ಇರಲಿಲ್ಲ. ಹಗುರದ್ದು ತಂದರೆ ಅದು ನಡುಗುತ್ತದೆ, ಭಾರದ್ದು ತಂದರೆ ಮನೆ ನಡುಗುತ್ತದೆ. ಸಂಪಿನ ಮೇಲೆ ಬದುಕುವವರಿಗಾಗಿ ಒಂದು ಮಷೀನು ಮಾಡಬೇಕೆಂದು ಪ್ರಪಂಚದಲ್ಲಿ ಒಬ್ಬನಿಗೂ ಅನ್ನಿಸಿಲ್ಲ. ಇದು ಅನ್ಯಾಯವಲ್ಲದೆ ಮತ್ತೇನು?

ನಮ್ಮ ರಸ್ತೆಯ ಕೊನೆಯಲ್ಲಿ ನಂಜಪ್ಪನವರಿದ್ದಾರೆ. ಈಗ ಬಾಗಿಲು ಹಾಕಿರುವ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ನಲವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅವರಾದರೂ ನನ್ನ ಕಷ್ಟ ತಿಳಿಯುತ್ತಾರೆಂದು ಹೋದೆ. ನನ್ನ ಹಿತ್ತಾಳೆ ಪಟ್ಟಿಯನ್ನು ಕನ್ನಡಕ ಹಣೆಗೇರಿಸಿ ನೋಡಿದರು. “ಅರ ಕುಣ್ದಿದೆ” ಎಂದರು. “ಅರ ಅಲ್ಲ ಸಾರ್, ನೀವು ಕುಣ್ದಿದೀರಿ. ಮೊಣಕೈ ದೇಹಕ್ಕೆ ಅಂಟ್ಕೊಂಡಿರ್ಬೇಕು. ಒಂದು ಆರು ತಿಂಗಳು ಬನ್ನಿ, ಕಲಿಸ್ತೀನಿ.” ಆರು ತಿಂಗಳು ಅರ ಹಿಡಿಯುವ ತಾಳ್ಮೆ ಇದ್ದಿದ್ದರೆ ನಾನು ಮಷೀನು ಯಾಕೆ ಕೇಳುತ್ತಿದ್ದೆ? “ಅಲ್ಲದೆ, ಹುರುಳಿಕಾಯಿ ಹೆಚ್ಚೋ ಚಾಕಿಗೆ ಹಿತ್ತಾಳೆ ಯಾಕ್ ಬೇಕಿತ್ತು?” ಎಂದರು. ಚಂದಕ್ಕೆ ಎಂದು ಹೇಳಲು ನಾಚಿಕೆಯಾಗಿ, ಬ್ಯಾಲೆನ್ಸಿಗೆ ಎಂದೆ. ನಂಜಪ್ಪನವರು ಪಟ್ಟಿಯನ್ನು ಅಂಗೈಯಲ್ಲಿ ತೂಗಿ ನೋಡಿ ವಾಪಸು ಕೊಟ್ಟರು. ಆದರೂ ಮಷೀನು ನೋಡಲು ಜೊತೆಗೆ ಬರುತ್ತೇನೆಂದು ಒಪ್ಪಿಕೊಂಡರು. ನಲವತ್ತು ವರ್ಷ ಮಷೀನಿನೆದುರು ನಿಂತವರು. ಅವರಿಗೂ ಮುಟ್ಟಿ ಬಹಳ ದಿನವಾಗಿತ್ತೋ ಏನೋ.

ಹೊರಟ ದಿನವೇ ರಾಜಾಜಿನಗರದಲ್ಲಿ ಅಕ್ಕನಿಗೆ ಮಂಡಿಯ ವ್ಯಾಯಾಮ ಮಾಡಿಸುವುದಿತ್ತು. ಅದು ಮುಗಿಸಿಕೊಂಡು ಮೂವರೂ ಒಂದೇ ಆಟೋದಲ್ಲಿ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಮಷೀನ್ ಅಂಗಡಿಗೆ ಹೋದೆವು. ಅಂಗಡಿಯವನು ಧಾರವಾಡದ ಕಡೆಯ ಹುಡುಗುಮುಖದ ಗಂಡಸು, ಅಕ್ಕನಿಗೆ ಕುರ್ಚಿ ಹಾಕಿ ಕೂರಿಸಿ, “ಏನ್ ಮಾಡಾಕ ಬೇಕ್ರೀ ಸರ?” ಎಂದ. ಚಾಕು ಎಂದೆ. ಅವನೂ ಅರ್ಧ ಹೆಜ್ಜೆ ಸರಿದ. ಹಗುರವಾದ ಮಷೀನಿನ ಗುಂಡಿ ಒತ್ತಿದ. ನಂಜಪ್ಪನವರು ಅಂಗಿಯ ಜೇಬಿನಿಂದ ಐದು ರೂಪಾಯಿಯ ಹಳೆಯ ದಪ್ಪ ನಾಣ್ಯ ತೆಗೆದು, ಓಡುತ್ತಿದ್ದ ಮಷೀನಿನ ತಲೆಯ ಮೇಲೆ ಅಂಚೂರಿ ನಿಲ್ಲಿಸಿದರು. ಎರಡು ಕ್ಷಣವೂ ನಿಲ್ಲದೆ ಬಿತ್ತು.

“ಹಂಗೆಲ್ಲಾ ಟೆಸ್ಟ್ ಮಾಡಬ್ಯಾಡ್ರೀ ಅಜ್ಜಾರ. ನಾಣ್ಯಾ ನಿಂದ್ರಸಾಕ ಯಾರೂ ಮಷೀನ್ ತಗೊಳ್ಳಂಗಿಲ್ರೀ.”

“ಇನ್ನೇನಪ್ಪಾ, ನಿನ್ನ ಮಾತು ನಿಲ್ಲಿಸಿ ನೋಡ್ಲಾ?” ಎಂದು ನಂಜಪ್ಪನವರು ಭಾರದ ಮಷೀನಿನ ಕಡೆ ನಡೆದರು. ಅದು ಓಡುತ್ತಿರುವಾಗಲೇ ಅದರ ಮೇಲೆ ನಾಣ್ಯ ನಿಂತಿತು. ಅಂಗಡಿಯವನು ಒಂದು ಅಲ್ಯೂಮಿನಿಯಂ ತುಂಡನ್ನು ಬಿಗಿದು ಹಿಡಿಕೆ ತಿರುಗಿಸಿದ. ತುಂಡು ಮೆಲ್ಲನೆ ಸರಿದು ಬಂದು ಕಟರಿಗೆ ತಾಗಿ, ನೇರ ಸೀಳು ಬಿಟ್ಟುಕೊಂಡು ಆಚೆ ಹೋಯಿತು. ನಾಣ್ಯ ಹಾಗೇ ನಿಂತಿತ್ತು. ನನಗೆ ಕಣ್ಣು ತುಂಬಿ ಬಂದಿತ್ತು ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಸಂಪಿನ ವಿಷಯ ಪೂರ್ತಿ ಮರೆತಿದ್ದೆ.

ಆಗ ಹಿಂದಿನಿಂದ ಅಕ್ಕನ ದನಿ ಬಂತು. “ಇದು ಈಳಿಗೆ ಮಣೆ ಕಣೋ.”

ಎಲ್ಲರೂ ತಿರುಗಿದೆವು. “ಕತ್ತಿ ನಿಂತಲ್ಲೇ ನಿಂತಿದೆ. ಕಾಯಿ ತಾನೇ ಹೋಗ್ತಿದೆ. ಈಳಿಗೆ ಮಣೆ ಅಲ್ದೆ ಇನ್ನೇನು?”

ನಂಜಪ್ಪನವರು ನಾಣ್ಯ ಜೇಬಿಗೆ ಹಾಕಿಕೊಂಡು ಅವಳ ಎದುರಿಗೆ ಹೋಗಿ ನಿಂತರು. “ಅಮ್ಮಾ, ಹೊಸದಾಗಿ ಸೇರಿದವ್ರಿಗೆ ಇದನ್ನ ಹೇಳೋಕೆ ನಂಗೆ ಒಂದು ಬೋರ್ಡು, ಒಂದು ಸೀಮೆಸುಣ್ಣ, ಒಂದು ವಾರ ಬೇಕಾಗಿತ್ತು.”

“ನಾನು ಇವ್ನಿಗೆ ಒಂದು ವರ್ಷದಿಂದ ಹೇಳ್ತಿದೀನಿ” ಎಂದಳು ಅಕ್ಕ. “ನಂಗೆ ಕತ್ತಿ ಓಡಿಸಿ ಅಭ್ಯಾಸ ಇಲ್ಲ, ಕಾಯಿ ಓಡಿಸಿ ಅಭ್ಯಾಸ. ಕುರ್ಚಿ ಮೇಲೆ ಕೂತ್ರೆ ಕೈಗೆ ಸಿಗೋ ಹಾಗೆ ಆ ಈಳಿಗೆನ ಸ್ವಲ್ಪ ಎತ್ತರ ಮಾಡ್ಕೊಡೋ ಅಂತ.”

“ನೀನು ಚಾಕು ಕೇಳಿದ್ದೆ” ಎಂದೆ. ಅಂಗಡಿಯಲ್ಲಿ ನಾಲ್ಕು ಜನರೆದುರು ನನ್ನ ದನಿ ಏರಿತು.

“ನಾನ್ಯಾವಾಗೋ ಕೇಳ್ದೆ? ನೀನೇ ಮಾಡ್ಕೊಂಡು ಬಂದೆ. ಇಷ್ಟು ದೊಡ್ಡೋನು ಅಷ್ಟು ಆಸೆಯಿಂದ ತಂದಿದೀಯ, ಬೇಡ ಅನ್ನೋಕೆ ಆಗುತ್ತಾ?”

ಅಂಗಡಿಯವನು ಮಷೀನು ಆಫ್ ಮಾಡಿದ. ಆ ನಿಶ್ಶಬ್ದವನ್ನು ನಾನು ಅವನಿಗೆ ಯಾವತ್ತೂ ಕ್ಷಮಿಸುವುದಿಲ್ಲ.

ಮುಂದಿನದನ್ನು ಹೇಳುವುದಕ್ಕೆ ನನಗೆ ಇಷ್ಟವಿಲ್ಲ, ಆದರೆ ಹೇಳದಿದ್ದರೆ ವಿಮಲಾ ಹೇಳುತ್ತಾಳೆ. ಅದೇ ಮಧ್ಯಾಹ್ನ ನಂಜಪ್ಪನವರು ಅಕ್ಕನ ಅಟ್ಟದಿಂದ ಈಳಿಗೆ ಮಣೆ ಇಳಿಸಿದರು. ಹಾಲಿನಲ್ಲಿದ್ದ ಟೀಪಾಯಿಯ ಅಂಚಿಗೆ ಅದನ್ನು ಕೂರಿಸಿ, ನನ್ನ ಷೆಡ್ಡಿನಿಂದ ತರಿಸಿದ ಎರಡು ಕ್ಲ್ಯಾಂಪು ಹಾಕಿ ಬಿಗಿದರು. ಚಹಾ ಆರುವ ಮುಂಚೆ ಕೆಲಸ ಮುಗಿದಿತ್ತು. ಅಕ್ಕ ಕುರ್ಚಿಯ ಮೇಲೆ ಕೂತು, ಎರಡು ಕೈಯಲ್ಲೂ ಕಟ್ಟು ಹಿಡಿದು, ಅಲಗಿನ ಮೇಲೆ ಒಮ್ಮೆ ಓಡಿಸಿದಳು. ಅಷ್ಟೇ ಸಣ್ಣ ಚೂರು. ನಂಜಪ್ಪನವರು ಐದು ರೂಪಾಯಿ ನಾಣ್ಯ ತೆಗೆದು ಟೀಪಾಯಿಯ ಮೇಲೆ ನಿಲ್ಲಿಸಿದರು. ಅವಳು ಹೆಚ್ಚುತ್ತಲೇ ಇದ್ದಳು, ಅದು ಬೀಳಲಿಲ್ಲ. ಇಷ್ಟು ಅವಮಾನ ಮಾಡುವ ಅಗತ್ಯ ಏನಿತ್ತು ಎಂದು ನಾನು ಈಗಲೂ ಕೇಳುತ್ತೇನೆ.

ಈಗ ವಾರಕ್ಕೆರಡು ಸಲ ಅಕ್ಕನ ಮನೆಯಿಂದ ಡಬ್ಬಿಯಲ್ಲಿ ಪಲ್ಯ ಬರುತ್ತದೆ. ಟಿವಿ ನೋಡುತ್ತಾ ಹೆಚ್ಚುತ್ತಾಳಂತೆ. ನಾನು ಸಿಟ್ಟಿನಿಂದಲೇ ತಿನ್ನುತ್ತೇನೆ. ಒಂದು ಮಾತನ್ನು ಮಾತ್ರ ಗಮನಿಸಿದ್ದೇನೆ, ಆ ಕ್ಲ್ಯಾಂಪುಗಳು ಟೀಪಾಯಿಯ ಪಾಲಿಶ್ ಕೆಡಿಸುತ್ತಿವೆ. ಅಲ್ಲಿಗೆ ಸರಿಯಾಗಿ ಕೂರುವಂಥ, ಎರಡು ಸಮಾನಾಂತರ ಸೀಳಿರುವ ಒಂದು ಹಿತ್ತಾಳೆಯ ಬಿಗಿಪಟ್ಟಿ ಮಾಡಬೇಕು. ಅದು ಅರದಲ್ಲಿ ಆಗುವ ಕೆಲಸವಲ್ಲ. ಇದನ್ನು ವಿಮಲಾಗೆ ಹೇಳಿದೆ. ಅವಳು ಸಂಪಿನ ಮುಚ್ಚಳ ತೆಗೆದು ನೀರೆಷ್ಟಿದೆ ಎಂದು ನೋಡಿ, ಮುಚ್ಚಿ ಒಳಗೆ ಹೋದಳು.

ಮೊನ್ನೆ ತಡೆಯಲಾರದೆ ವಿಮಲಾಳನ್ನೇ ಕೇಳಿದೆ, ಅವತ್ತು ಅಕ್ಕ ಹೇಳಿದ್ದೇನು ಎಂದು. “ಚಾಕು ಮಾಡ್ಕೊಡ್ಲಾ ಅಂತ ನೀವೇ ಕೇಳಿದ್ರಿ. ಅವ್ರು ಹೂಂ ಅಂದ್ರು” ಎಂದಳು. ಆದರೆ ಅವತ್ತು ವಿಮಲಾ ಅಲ್ಲಿ ಇದ್ದಳೇ? ಅಕ್ಕನಿಗೆ ಫೋನು ಮಾಡಿದೆ. ಹಿಂದೆ ಟಿವಿಯಲ್ಲಿ ಯಾರೋ ಅಳುತ್ತಿದ್ದರು, ಅಲಗಿನ ಚರಚರ ಸದ್ದು ನಿಲ್ಲಲಿಲ್ಲ. “ನಾನು ಕೇಳಿದ್ರೂ ಕೇಳಿರ್ಬೋದು ಕಣೋ, ಯಾರಿಗೆ ನೆನಪಿದೆ” ಎಂದಳು. “ಹುರುಳಿಕಾಯಿ ಮಾತ್ರ ಅಲ್ಲ. ಅವತ್ತು ಗೋರಿಕಾಯಿ.”

ಗೋರಿಕಾಯಿ ಇರಬಹುದು. ಬಿಸಿಲು ಇರಲಿಲ್ಲ, ಅದು ಖಂಡಿತ. ಅಕ್ಕ ಕೇಳಿದ್ದಕ್ಕೆ ನನಗೆ ಮಷೀನು ಬೇಕಾಯಿತೋ, ಮಷೀನು ಬೇಕಾಗಿದ್ದಕ್ಕೆ ಅಕ್ಕ ಕೇಳಿದಳೋ, ನನಗೆ ಗೊತ್ತಿಲ್ಲ.