ಕೌದಿಯ ನಾಲ್ಕನೆಯ ಬದಿ

ಮೂವತ್ತೆರಡು ವರ್ಷ ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿ ದುಡಿದವನಿಗೆ ಒಂದು ಸೂಜಿ ಏನು ಮಹಾ ಎಂದು ನಾನು ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಆನೆ ಗಾತ್ರದ ರೋಲರುಗಳು ನನ್ನ ಮಾತು ಕೇಳಿ ತಿರುಗಿವೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ನಿಜ. ಆದರೆ ಕಲಿತ ಸಾಹೇಬರು ನಕ್ಷೆ ಹಾಸಿಕೊಂಡು ತಲೆ ಕೆರೆದುಕೊಳ್ಳುವಾಗ, ಯಂತ್ರದ ಮೈಮೇಲೆ ಕೈಯಿಟ್ಟು ರೋಗ ಇಲ್ಲಿದೆ ಎಂದು ತೋರಿಸಿದವನೂ ನಾನೇ. ಅಂಥವನ ಮಾನವನ್ನು ಒಂದು ಕೌದಿ ನಾಲ್ಕು ದಿನದಲ್ಲಿ ತೆಗೆಯಿತು. ಓಣಿಯವರು ಬಣ್ಣ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಎಲ್ಲಕ್ಕೂ ಮೂಲ ಕಾಫಿ.

ದಾಂಡೇಲಿಯಲ್ಲಿ ನಮ್ಮಂಥವರ ಮನೆಗಳಲ್ಲಿ ಕುಡಿಯುವುದು ಚಹಾ. ನನ್ನ ಹೆಂಡತಿ ನೀಲವ್ವ ಧಾರವಾಡದ ಕಡೆಯವಳು. ಅವಳ ಲೆಕ್ಕದಲ್ಲಿ ಕಾಫಿ ಎಂದರೆ ನೆಗಡಿಗೆ ಕೊಡುವ ಕಷಾಯದ ದೂರದ ಸಂಬಂಧಿ. ಆದರೆ ಪಕ್ಕದ ಮನೆಯ ಶಾಂತಾಳ ಗಂಡ ಲಾರಿ ಡ್ರೈವರ್. ಚಿಕ್ಕಮಗಳೂರಿನ ಕಡೆ ಬಾಡಿಗೆ ಸಿಕ್ಕಾಗಲೆಲ್ಲ ಕಾಫಿಪುಡಿ ತರುತ್ತಾನೆ. ಸಂಜೆ ನಾಲ್ಕರ ಸುಮಾರಿಗೆ ಆ ವಾಸನೆ ಕಾಂಪೌಂಡು ದಾಟಿ ಬಂದು, ಪಡಸಾಲೆಯಲ್ಲಿ ಕುಳಿತ ನಿವೃತ್ತ ನೌಕರನ ಮೂಗು ಹಿಡಿದು ಎಳೆಯುತ್ತಿತ್ತು. ನಾನು ಎರಡು ಸಲ ಹೋದೆ. ಒಮ್ಮೆ ನಿಮ್ಮ ನಲ್ಲಿ ಸೋರುತ್ತಿದೆಯೇ ಎಂದು ಕೇಳಲು, ಇನ್ನೊಮ್ಮೆ ಸೋರದಿದ್ದರೂ ನೋಡಿ ಬರಲು. ಎರಡೂ ಸಲ ಶಾಂತಾ ನೀರು ಕೊಟ್ಟಳು.

ಕಾರಣ ಹೆಂಡತಿಯಿಂದ ತಿಳಿಯಿತು. ಶಾಂತಾಳ ಅತ್ತೆ ಬಸವ್ವ ಮುಂಡಗೋಡದ ಹತ್ತಿರದ ಮಳಗಿಯ ಮುದುಕಿ, ಎಪ್ಪತ್ತು ದಾಟಿದವಳು, ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ದಿನಾ ಮಧ್ಯಾಹ್ನ ಅವಳ ಬೈಠಕ್ಕು. ಹಳೆಯ ಸೀರೆಗಳ ಪದರ ನೆಲಕ್ಕೆ ಹಾಸಿ, ಮೇಲೆ ತೇಪೆಗಳನ್ನು ಜೋಡಿಸಿ, ನಾಲ್ಕು ಬದಿಗೆ ನಾಲ್ವರು ಕೂರುತ್ತಾರೆ: ಬಸವ್ವ, ಶಾಂತಾ, ನೀಲವ್ವ, ಓಣಿಯ ಇನ್ನೊಬ್ಬ ಹೆಂಗಸು. ಅಂಚಿನಿಂದ ಶುರುಮಾಡಿ ಸಾಲು ಸಾಲಾಗಿ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ. ಒಬ್ಬಳ ಸಾಲು ಮೂಲೆ ಮುಟ್ಟಿ ಮುಂದಿನವಳ ಸಾಲಿಗೆ ಕೂಡಬೇಕು. ನಾಲ್ಕೂ ಸಾಲು ಕೂಡಿದರೆ ಒಂದು ಸುತ್ತು. ದಿನಕ್ಕೆ ಐದು ಸುತ್ತು. ಐದನೆಯ ಸುತ್ತು ಕೂಡಿದ ಮೇಲೆ ಕಾಫಿ. ಹೊಲಿದವರಿಗೆ ಮಾತ್ರ.

ಹೀಗಿರುವಾಗ ನಾಲ್ಕನೆಯ ಬದಿಯ ಹೆಂಗಸು ಕಣ್ಣಿನ ಆಪರೇಶನ್ನಿಗೆಂದು ಬೆಳಗಾವಿಗೆ ಹೋದಳು. ಅವಳ ಕಣ್ಣಿಗೆ ಒಳ್ಳೆಯದಾಗಲಿ. ಜಾಗ ಖಾಲಿಯಾಯಿತು.

ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಹಿಂದೆಯೇ ಹೋಗಿ ಬಸವ್ವಳ ಮುಂದೆ ನಿಂತೆ. ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿದಳು.

"ಗಂಡಸರು ಕೌದಿ ಹೊದ್ದದ್ದು ನೋಡೇನಿ, ತಮ್ಮಾ. ಹೊಲದದ್ದು ನೋಡಿಲ್ಲ."

"ಹವ್ಯಾಸ, ಆಯಿ. ರಿಟೈರ್ ಆದಮ್ಯಾಲೆ ಮನಷ್ಯಾಗ ಒಂದು ಹವ್ಯಾಸ ಇರಬೇಕು ಅಂತ ಡಾಕ್ಟರು ಹೇಳ್ಯಾರ."

"ಯಾವ ಡಾಕ್ಟರ್ರೀ?" ಎಂದಳು ನೀಲವ್ವ, ಸೂಜಿಯಿಂದ ಕಣ್ಣು ತೆಗೆಯದೆ.

ಬಸವ್ವ ಬಹಳ ಹೊತ್ತು ಯೋಚಿಸಿ, ಆಳು ಇಲ್ಲದ್ದಕ್ಕೆ ಒಪ್ಪಿದಳು. ಈ ಸಲದ ಕೌದಿ ಅವಸರದ್ದಾಗಿತ್ತು. ಮುಂಡಗೋಡದಲ್ಲಿ ಅವಳ ಮಗಳ ಮಗಳಿಗೆ ಚೊಚ್ಚಲ ಬಸಿರು; ಮುಂದಿನ ವಾರದ ಶುಕ್ರವಾರ ಕುಬಸ, ಅಂದರೆ ಸೀಮಂತ. ಅಂದು ಮುಂಜಾನೆಯ ಬಸ್ಸಿಗೆ ಬಸವ್ವ ಕೌದಿ ತೆಗೆದುಕೊಂಡು ಹೋಗಬೇಕು. ಬಾಣಂತಿಯೂ ಕೂಸೂ ಅದರ ಮೇಲೆಯೇ ಮಲಗಬೇಕು. ನನ್ನ ಬದಿಯ ಅಂಚಿಗೆ ಹಚ್ಚಿದ್ದು ಒಂದು ಹಳೆಯ ಇಳಕಲ್ ಸೀರೆ. ಬಸವ್ವಳ ಕುಬಸದ ದಿನ ಅವಳ ತಾಯಿ ಉಡಿಸಿದ್ದಂತೆ. ಐವತ್ತು ವರ್ಷದ್ದು, ಜೋಪಾನ ಎಂದಳು. ನನ್ನ ಕೈಯಲ್ಲಿ ಇಲ್ಲಿಯವರೆಗೆ ಒಂದು ಬೋಲ್ಟೂ ಹಾಳಾಗಿಲ್ಲ ಎಂದು ಭರವಸೆ ಕೊಟ್ಟೆ.

ಮೊದಲ ದಿನ ಸೂಜಿಗೆ ದಾರ ಪೋಣಿಸುವುದರಲ್ಲಿ ಅರ್ಧ ತಾಸು ಹೋಯಿತು. ಮೂವರೂ ತಮ್ಮ ಮೂಲೆ ಮುಟ್ಟಿ, ಸೂಜಿ ಚುಚ್ಚಿಟ್ಟು, ಕೈ ಮಡಚಿ ನನ್ನ ಕಡೆ ನೋಡುತ್ತ ಕೂರುತ್ತಿದ್ದರು. ನನ್ನಿಂದಾಗಿ ಒಲೆಯ ಮೇಲಿನ ಹಾಲು ಮೂರು ಸಲ ಕಾದು ಮೂರು ಸಲ ಆರಿತು.

"ಅಣ್ಣಾರ, ಹಾಲು ಹೆಪ್ಪ ಆಗೂದ್ರಾಗ ಮೂಲಿಗೆ ಬರ್ತೀರೇನ್ರಿ?" ಎಂದಳು ಶಾಂತಾ.

ಕಾಫಿ ಬಂದಾಗ ಆರು ಗಂಟೆ. ಆದರೆ ಬಂತು. ಸ್ಟೀಲಿನ ಲೋಟದ ಅಂಚಿಗೆ ನೊರೆ, ಅದರ ಕೆಳಗೆ ಕಡು ಕಂದು ಬಣ್ಣ, ಮೊದಲ ಗುಟುಕಿನಲ್ಲಿ ಕಹಿ, ಎರಡನೆಯದರಲ್ಲಿ ಬೆಲ್ಲ. ಕುಡಿಯುತ್ತ ಹೆಂಗಸರು ತೇಪೆಗಳ ಸುದ್ದಿ ತೆಗೆದರು. ಈ ಹಸಿರು ಯಾರ ಸೀರೆ, ಆ ಕೆಂಪು ಯಾವ ಮದುವೆಯಲ್ಲಿ ಉಟ್ಟದ್ದು, ಅದೇ ಮದುವೆಯಲ್ಲಿ ಹೋಳಿಗೆ ಕಡಿಮೆಬಿದ್ದು ಯಾರು ಯಾರ ಕೂಡ ಮಾತು ಬಿಟ್ಟರು. ಒಂದೊಂದು ತೇಪೆಗೆ ಒಂದೊಂದು ಜಗಳ. ಇಷ್ಟು ಜಗಳಗಳ ಮೇಲೆ ಮಲಗುವ ಕೂಸು ವಕೀಲನಾದೀತು ಎಂದು ನಾನು ಹೇಳಿದೆ. ಬಸವ್ವ ನಕ್ಕಳು. ಆ ಜಾಗ ಬಿಡಬಾರದೆಂದು ನಾನು ಅಲ್ಲಿಯೇ ನಿಶ್ಚಯಿಸಿದೆ.

ಬಿಡಬಾರದೆಂದರೆ ವೇಗ ಬೇಕು. ಎರಡನೆಯ ದಿನ ನನ್ನ ವೃತ್ತಿಜೀವನದ ಅನುಭವವನ್ನೆಲ್ಲ ಕೌದಿಗೆ ಧಾರೆ ಎರೆದೆ. ಹೆಂಗಸರು ಅಕ್ಕಿಕಾಳಿನಷ್ಟು ಹೊಲಿಗೆ ಹಾಕುತ್ತಿದ್ದರೆ ನಾನು ಅವರೆಕಾಯಿಯಷ್ಟು ಹಾಕಿದೆ. ಅವರು ದಾರವನ್ನು ಸಡಿಲು ಬಿಡುತ್ತಿದ್ದರು. ಸಡಿಲು ಬಿಟ್ಟ ಬೋಲ್ಟು ಯಂತ್ರವನ್ನೇ ತಿನ್ನುತ್ತದೆ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ನಾನು ಪ್ರತಿ ಹೊಲಿಗೆಯನ್ನೂ ಪಾನಾ ಹಾಕಿ ಬೋಲ್ಟು ತಿರುವಿದ ಹಾಗೆ ಬಿಗಿದೆ. ಬಸವ್ವ ಕೊಟ್ಟ ನೂಲಿನ ದಾರ ಎರಡು ಸಲ ಹರಿಯಿತು. ಮಾಲು ಸರಿಯಿಲ್ಲ ಎಂದುಕೊಂಡು, ಮನೆಯಿಂದ ಗೋಣಿಚೀಲ ಹೊಲಿಯುವ ನೈಲಾನ್ ದಾರ ತಂದೆ. ಅದೂ ಬಿಳಿಯದೇ. ಯಾರಿಗೂ ತಿಳಿಯಲಿಲ್ಲ.

ಅಂದು ಕಾಫಿ ಐದಕ್ಕೆ ಬಂತು. ಮೂರನೆಯ ದಿನ ಎಲ್ಲರಿಗಿಂತ ಮೊದಲು ಮೂಲೆ ಮುಟ್ಟಿದೆ. ನಾಲ್ಕನೆಯ ದಿನವಂತೂ ಮೂಲೆಯಲ್ಲಿ ಆರಾಮಾಗಿ ಕೂತು, ಕೈ ಸ್ವಲ್ಪ ಚುರುಕು ಮಾಡಬೇಕೆಂದು ಬಸವ್ವಳಿಗೆ ಸಲಹೆ ಕೊಟ್ಟೆ. ನೀಲವ್ವ ಸೂಜಿಯ ಹಿಂಬದಿಯಿಂದ ನನ್ನ ಮೊಣಕಾಲಿಗೆ ತಿವಿದಳು. ಅಸೂಯೆ ಎಂದುಕೊಂಡೆ. ನನ್ನ ವೇಗ ದಿನದಿನಕ್ಕೆ ಹೆಚ್ಚುತ್ತಿದ್ದುದಕ್ಕೆ ನಿಜವಾದ ಕಾರಣ ಬೇರೆ ಇತ್ತು. ನಾನು ಬಿಗಿದಂತೆಲ್ಲ ಬಟ್ಟೆ ಸುಕ್ಕುಗಟ್ಟಿ ನನ್ನ ಬದಿ ದಿನದಿನಕ್ಕೆ ಗಿಡ್ಡವಾಗುತ್ತಿತ್ತು. ಮೂಲೆಯೇ ನನ್ನ ಹತ್ತಿರ ಬರುತ್ತಿತ್ತು. ಅದನ್ನು ನಾನು ಪರಿಣತಿ ಎಂದು ತಿಳಿದಿದ್ದೆ.

ಹೊಲಿಯುವಾಗ ಅಂಚನ್ನು ತೊಡೆಯ ಮೇಲೆ ಎಳೆದುಕೊಳ್ಳುವುದರಿಂದ ಕೌದಿಯ ಆಕಾರ ತಿಳಿಯುವುದಿಲ್ಲ. ಆ ಸಂಜೆ ಅಂದಾಜು ನೋಡಲು ಬಸವ್ವ ಅದನ್ನು ಪೂರ್ತಿ ಹರವಿಸಿದಳು. ಮೂರು ಬದಿ ನೆಟ್ಟಗೆ ಮಲಗಿದವು. ನನ್ನ ಬದಿ ಒಂದು ಗೇಣು ಒಳಗೆ ಸೇದಿಕೊಂಡು ಕುಳಿತಿತ್ತು. ಮಾವನ ಮನೆಯಲ್ಲಿ ಬಿಟ್ಟರೆ ಅಷ್ಟು ದೊಡ್ಡ ಮೌನವನ್ನು ನಾನು ಬೇರೆಲ್ಲೂ ಕೇಳಿಲ್ಲ.

"ಕೌದಿ ಅಲ್ಲ ಇದು, ಮೊರಾ," ಎಂದಳು ಬಸವ್ವ ಕೊನೆಗೆ. "ಜ್ವಾಳಾ ಕೇರಾಕ ಬರತೈತಿ."

ಆಮೇಲೆ ಅವಳೇ ದಾರಿ ಹೇಳಿದಳು. ನಾನು ಹಾಕಿದ್ದನ್ನು ನಾನೇ ಬಿಚ್ಚಿ ತರಬೇಕು. ಒಂದೊಂದೇ ಹೊಲಿಗೆಯನ್ನು ಕತ್ತರಿಯಿಂದ ತುಂಡರಿಸಿ ತೆಗೆಯಬೇಕು. ಬಟ್ಟೆ ಹಳೆಯದು, ಎಳೆಯಬಾರದು. ಎಳೆಯಬಾರದು ಎಂಬುದನ್ನು ಎರಡು ಸಲ ಹೇಳಿದಳು. ನಾನು ಎರಡು ಸಲ ಗೋಣು ಹಾಕಿದೆ.

ಮರುದಿನ ನೀಲವ್ವ ತಂಗಿಯನ್ನು ನೋಡಲು ಹಳಿಯಾಳಕ್ಕೆ ಹೋದಳು. ನಾನು ಟೇಪು ಹಿಡಿದು ಕೌದಿಯನ್ನು ಅಳೆದೆ. ಇಪ್ಪತ್ತು ಸಾಲು ಬಿಚ್ಚಲು ಎರಡು ದಿನ ಬೇಕಿತ್ತು. ಕುಗ್ಗಿದ್ದು ಬರೀ ಒಂದು ಗೇಣು. ಕುಗ್ಗಿದ್ದನ್ನು ಹಿಗ್ಗಿಸಿದರೆ ಮುಗಿಯಿತಲ್ಲ. ಇಷ್ಟು ಸರಳ ವಿಚಾರ ಆ ಮುದುಕಿಗೆ ಹೊಳೆಯದಿದ್ದುದಕ್ಕೆ ಮರುಕಪಟ್ಟು, ನನ್ನ ಬದಿಯ ಎರಡೂ ತುದಿಗೆ ಕಟ್ಟಿಗೆಯ ಪಟ್ಟಿ ಬಿಗಿದೆ. ಒಂದನ್ನು ಕಿಟಕಿಯ ಸರಳಿಗೆ ಕಟ್ಟಿದೆ, ಇನ್ನೊಂದನ್ನು ಹಿತ್ತಲಿನ ಪೇರಲ ಗಿಡಕ್ಕೆ. ಹಗ್ಗದ ನಡುವೆ ಹಾರೆ ತೂರಿಸಿ ತಿರುವತೊಡಗಿದೆ. ಮೊದಲ ತಿರುವಿಗೆ ಸುಕ್ಕು ಸಡಿಲಿತು. ಎರಡನೆಯದಕ್ಕೆ ಅಂಚು ನೆಟ್ಟಗಾಯಿತು. ಆ ಕ್ಷಣ ನನ್ನನ್ನು ನೋಡಲು ಯಾರೂ ಇರಲಿಲ್ಲವಲ್ಲ ಎಂದು ಬೇಸರವಾಯಿತು.

ಮೂರನೆಯದಕ್ಕೆ ಪರ್ರ್ ಎಂದಿತು.

ದಾರ ನನ್ನದು, ನೈಲಾನು, ಜಗ್ಗಲಿಲ್ಲ. ಸೀರೆ ಐವತ್ತು ವರ್ಷದ್ದು. ಇಳಕಲ್ಲಿನ ಅಂಚು ನನ್ನ ಹೊಲಿಗೆಯ ಗುಂಟವೇ ಮೊಳದುದ್ದ ಬಾಯಿ ತೆರೆದು ನಿಂತಿತು.

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಬುದ್ಧಿವಂತರು ಇಂಥಲ್ಲಿ ನಿಲ್ಲಿಸುತ್ತಾರೆ. ನಾನು ದುಡಿಯುವ ಮನುಷ್ಯ. ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ. ಅದೇ ಬಣ್ಣದ ಬಟ್ಟೆ ಹುಡುಕಿ ಟ್ರಂಕು ತೆಗೆದೆ. ನಿವೃತ್ತಿಯ ದಿನ ನನಗೆ ಹೊದಿಸಿದ ಕೆಂಪು ಶಾಲು ಮಡಿಕೆ ಮುರಿಯದೆ ಅಲ್ಲಿ ಮಲಗಿತ್ತು. ಅಂದಿನಿಂದ ಅದನ್ನು ಒಮ್ಮೆಯೂ ಹೊದ್ದಿಲ್ಲ. ಕತ್ತರಿ ಹಿಡಿದವನು ಶಾಲನ್ನು ಒಮ್ಮೆ ಟ್ರಂಕಿಗೆ ಮರಳಿಸಿ, ಮತ್ತೆ ತೆಗೆದೆ. ಅದರ ಒಂದು ಪಟ್ಟಿ ಕೊಯ್ದು, ಸೂಜಿಯನ್ನು ಇನ್ನು ನಂಬಬಾರದೆಂದು, ರಬ್ಬರಿನ ಬೆಲ್ಟು ಅಂಟಿಸುವ ಅಂಟು ಬಳಿದು ಹರಿದ ಜಾಗಕ್ಕೆ ಕೂಡಿಸಿ ಬಿಸಿಲಿಗಿಟ್ಟೆ. ಬೆಲ್ಟಿನ ಅಂಟು ಮೋಸ ಮಾಡುವುದಿಲ್ಲ. ಮಾಡಲಿಲ್ಲ.

ನೀಲವ್ವ ಬಂದವಳು ಬೆರಳು ಮಡಚಿ ಕೌದಿಯನ್ನು ತಟ್ಟಿದಳು. ಟಕ್ ಟಕ್ ಎಂದಿತು.

"ಇದು ಬಾಣಂತಿ ಹಾಸಿಗ್ಗೋ, ಹಿತ್ತಲ ಬಾಗಲಕ್ಕೋ?"

ಅವಳ ಕಣ್ಣು ಆ ಕೆಂಪು ಪಟ್ಟಿಯ ಮೇಲೆ ಬಿತ್ತು.

"ಶಾಲ ಯಾಕ ಕತ್ತರಿಸಿದ್ರಿ?"

"ಬಣ್ಣ ಕೂಡ್ತಿತ್ತು."

"ಕೂಡಿಲ್ಲ," ಎಂದಳು.

ತಾನು ಬರುವುದಿಲ್ಲ, ನೀವೇ ಹೋಗಿ ಹೇಳಿರಿ ಎಂದು ಕೌದಿಯನ್ನು ನನ್ನ ಹೆಗಲಿಗೆ ಹೊರಿಸಿದಳು. ಮೂವತ್ತೆರಡು ವರ್ಷದಲ್ಲಿ ಯಾವ ಸುಪರ್‌ವೈಸರನ ಮುಂದೆಯೂ ತಪ್ಪು ನನ್ನದು ಎಂದವನಲ್ಲ ನಾನು. ತಪ್ಪು ಯಾವಾಗಲೂ ಬೇರಿಂಗಿನದಾಗಿರುತ್ತಿತ್ತು. ಕಾಂಪೌಂಡು ದಾಟುವಷ್ಟರಲ್ಲಿ ಒಂದು ಒಳ್ಳೆಯ ವಿವರಣೆ ಸಿದ್ಧವಾಗಿತ್ತು. ಹಳೆಯ ಮಾಲು, ಒತ್ತಡ, ತಾಂತ್ರಿಕ ಅಡಚಣೆ.

ಬಸವ್ವ ಕನ್ನಡಕ ಹಾಕಿಕೊಳ್ಳದೆ ಕೌದಿಯ ಮೇಲೆ ಕೈಯಾಡಿಸಿದಳು. ಬೆರಳು ಹರುಕಿನ ಮೇಲೆ ಬಂದು ನಿಂತಿತು. ಇದು ನಮ್ಮವ್ವನ ಸೀರೆಯಲ್ಲವೇ ಎಂದು ಮೆಲ್ಲಗೆ ಕೇಳಿದಳು. ನಾನು ಸಿದ್ಧಮಾಡಿಕೊಂಡಿದ್ದ ವಿವರಣೆಯನ್ನು ಬಿಟ್ಟು ನೆಲಕ್ಕೆ ಕೂತೆ.

"ತಪ್ಪಾತು, ಆಯಿ. ಎಳೀಬ್ಯಾಡ ಅಂದಿದ್ರಿ. ಎಳದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಶಾಂತಾಳಿಂದ ಕತ್ತರಿ ಇಸಿದುಕೊಂಡು, ನನ್ನ ಇಪ್ಪತ್ತು ಸಾಲನ್ನೂ ಬೆಲ್ಟಿನ ಅಂಟನ್ನೂ ಸೇರಿಸಿ ಆ ಬದಿಯನ್ನೇ ಕೊಯ್ದು ತೆಗೆದಳು. ನಾಲ್ಕು ದಿನದ ನನ್ನ ದುಡಿಮೆ ನೆಲದ ಮೇಲೆ ಕಮಾನಿನಂತೆ ಬಾಗಿ ಬಿತ್ತು. ಅದರಲ್ಲಿ ಹರಿಯದೆ ಉಳಿದ ಇಳಕಲ್ಲಿನ ತುಂಡುಗಳನ್ನು ಬಿಡಿಸಿಕೊಂಡು, ಕೌದಿಯ ನಟ್ಟನಡುವೆ ತೇಪೆಯಾಗಿ ಇಟ್ಟು ನೋಡಿದಳು.

"ಸಣ್ಣದಾತಲ್ಲ ಆಯಿ," ಎಂದೆ.

"ಹುಟ್ಟೂ ಕೂಸೂ ಸಣ್ಣದ ಇರತೈತಿ. ದೊಡ್ಡದಾದ್ರ ಮತ್ತೊಂದು ಹೊಲದ್ರಾತು."

ಮುಂದಿನ ಆರು ದಿನ ಮೂವರು ಹೆಂಗಸರು ನಾಲ್ಕು ಬದಿ ಹೊಲಿದರು. ಬಸವ್ವ ಎರಡು ಬದಿಗೂ ತಾನೇ ಕೂತಳು. ಕಾಫಿಯ ವಾಸನೆ ಎಂದಿನಂತೆ ಬರುತ್ತಿತ್ತು. ನಾನು ಪಡಸಾಲೆಯಲ್ಲಿ ಚಹಾ ಕುಡಿದೆ, ಕಾಫಿ ಕೇಳಲಿಲ್ಲ. ಗುರುವಾರ ಸಂಜೆ ಕೊನೆಯ ಸುತ್ತು ಕೂಡಿತು ಎಂದು ನೀಲವ್ವ ಬಂದು ಹೇಳಿದಾಗ, ಗೋಡೆಗೆ ಮೊಳೆ ಬಡಿಯುತ್ತಿದ್ದವನು ಸುತ್ತಿಗೆ ಕೆಳಗಿಟ್ಟೆ. ಶುಕ್ರವಾರ ಮುಂಜಾನೆ ಗಂಟನ್ನು ಬಸ್‌ಸ್ಟ್ಯಾಂಡಿನವರೆಗೆ ನಾನೇ ಹೊತ್ತೆ. ಬಸವ್ವ ಸೀಟಿನಲ್ಲಿ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು.

ಹತ್ತು ದಿನಕ್ಕೆ ಮರಳಿ ಬಂದಳು. ಕೌದಿ ಎಲ್ಲರಿಗೂ ಹಿಡಿಸಿತಂತೆ. ನಡುವಿನ ಇಳಕಲ್ಲನ್ನು ಮುಟ್ಟಿ ಮುಟ್ಟಿ ನೋಡಿದರಂತೆ. ಮರುದಿನವೇ ಹೊಸ ಕೌದಿ ಹಾಸಿದಳು. ಬೆಳಗಾವಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಕಾಂಪೌಂಡಿನ ಆಚೆಯಿಂದ ಬಸವ್ವ ಕೂಗಿ ಕರೆದಳು.

ನಾನು ಇಸ್ತ್ರಿ ಇಲ್ಲದ ಅಂಗಿಯಲ್ಲೇ ಓಡಿದೆ. ಮೂರು ಬದಿಗೆ ಮೂವರು ಕೂತಿದ್ದರು. ಮೇಲೆ ಫ್ಯಾನು ತಿರುಗುತ್ತಿತ್ತು, ನಾಲ್ಕನೆಯ ಬದಿಯ ಪದರಗಳು ಪಟಪಟ ಹಾರುತ್ತಿದ್ದವು. ನಾನು ಸೂಜಿಗೆ ಕೈ ಚಾಚಿದೆ.

"ಅದನ್ನ ಮುಟ್ಟಬ್ಯಾಡ," ಎಂದಳು ಬಸವ್ವ. "ಅಂಚಿನ ಮ್ಯಾಲೆ ಕೂಡು. ಅಳ್ಳಾಡಬ್ಯಾಡ."

ಹದಿನೈದು ದಿನದಿಂದ ಇದೇ ನನ್ನ ಹುದ್ದೆ. ಎರಡರಿಂದ ಐದರವರೆಗೆ ಅಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ. ಅವರು ಹೊಲಿಯುತ್ತಾರೆ, ಜಗಳಗಳ ಇತಿಹಾಸ ಮುಂದುವರಿಯುತ್ತದೆ. ಐದನೆಯ ಸುತ್ತು ಕೂಡಿದರೆ ನನಗೂ ಒಂದು ಲೋಟ. ಕರೆಂಟು ಹೋಗಿ ಫ್ಯಾನು ನಿಂತ ದಿನ ನನ್ನ ಅಗತ್ಯ ಬೀಳುವುದಿಲ್ಲ, ಅಂದು ಕರೆಯುವುದಿಲ್ಲ.

ನಿನ್ನೆ ಕೆಲಸ ಚೆನ್ನಾಗಿ ನಡೆಯುತ್ತಿದೆಯೆಂಬ ಧೈರ್ಯದ ಮೇಲೆ ಇನ್ನರ್ಧ ಲೋಟ ಕೇಳಿದೆ. ಬಸವ್ವ ತಲೆಯೆತ್ತಲಿಲ್ಲ.

"ಮದಲ ಅಲ್ಲಿ ರುಬ್ಬೂ ಒಳ್ಳಿನ ಗುಂಡಕಲ್ಲ ಇಡ್ತಿದ್ವಿ, ತಮ್ಮಾ. ಅದು ಒಂದು ದಿನಾನೂ ಕಾಫಿ ಕೇಳಿರಲಿಲ್ಲ."

ಲೋಟ ಕೆಳಗಿಟ್ಟು, ಕಲ್ಲಿಗಿಂತ ಕಡಿಮೆಯಾಗಬಾರದೆಂದು, ಇನ್ನಷ್ಟು ಭಾರವಾಗಿ ಕುಳಿತೆ.