ಕುಸುಬಿ ಹೂವಿನ ಮುಂದ ಉಸಿರು ಹಿಡಿದದ್ದು

ಹೂವಿನ ಫೋಟೊ ಹಿಡಿಯೋದು ಭಾಳ ಸಮಾಧಾನದ ಕೆಲಸ ಅಂತ ಎಲ್ಲರೂ ಹೇಳ್ತಾರ. ಇರಬಹುದು. ನಾನು ಫೋನು ಹಿಡಿದು ಹೂವಿನ ಮುಂದ ಕೂತರ ಮಾತ್ರ ಎಲ್ಲಿಂದಲೋ ಯಾರರೆ ಬಂದು ಏನರೆ ಒಂದು ಆಗೇ ತೀರ್ತದ.

ಇದಕ್ಕೆಲ್ಲ ಕಾರಣ ನನ್ನ ಮೊಮ್ಮಗಳು. ಅಕಿ ಬೀದರದಾಗ ನರ್ಸು. ಒಂದು ಸಲ ಭಾಲ್ಕಿಗೆ ನನ್ನ ಮನಿಗೆ ಬಂದಾಗ, ಬಟ್ಟಿ ಒಣಗಹಾಕೋ ಕ್ಲಿಪ್ಪಿನಂಥದ್ದೊಂದು ತಂದು ನನ್ನ ಫೋನಿಗೆ ಸಿಗಿಸಿದಳು. "ಇದಕ್ಕ ಮ್ಯಾಕ್ರೊ ಲೆನ್ಸ್ ಅಂತಾರ ಆಯಿ. ಇರವಿ ಆನಿಯಷ್ಟು ಕಾಣ್ತದ."

ಅಷ್ಟಕ್ಕೇ ಬಿಟ್ಟಿದ್ದರ ಚಲೋ ಇತ್ತು. ಬೀದರದಾಗ ನಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕ ಜನ ಜೋಳ, ತೊಗರಿ, ಕುಂಬಳಕಾಯಿ, ಕೋಳಿ ತಂದು ಇಡ್ತಾರ. ಪ್ರಾರ್ಥನಿ ಮುಗಿದ ಮ್ಯಾಲ ಅವನ್ನೆಲ್ಲ ಲಿಲಾವು ಕೂಗಿ ಮಾರ್ತಾರ. ಈ ಸಲ ನಮ್ಮ ಆಯಿ ಹಿಡಿದ ಹೂವಿನ ಫೋಟೊ ಇಡ್ತೇನಿ ಅಂತ ಮೊಮ್ಮಗಳು ಹೆಣ್ಮಕ್ಕಳ ಸಂಘದಾಗ ಹೇಳಿ ಬಂದಿದ್ದಳು. "ಸಾಲಿ ಮಾರಿ ನೋಡದ ಮುದುಕಿ ಫೋಟೊ ಯಾರು ತೊಗೊಳ್ತಾರ?" ಅಂತ ಅಲ್ಲಿ ನಕ್ಕರಂತ. ಅಕಿ ಮಾನ ಉಳಿಸೋದು ನನ್ನ ಮ್ಯಾಲ ಬಿತ್ತು.

ಸನಿ ಹೋದದ್ದು

ಮೊದಲನೇ ಪಾಠ ಅಂಗಳದ ಗುಲಾಬಿ ಮ್ಯಾಲ. ಫೋನಿನಾಗ ಬರೇ ಕೆಂಪು ಮಂಜು.

"ಇನ್ನೂ ಸನಿ ಹೋಗು ಆಯಿ."

ಹೋದೆ.

"ಇನ್ನೂ ಸನಿ."

ಇನ್ನೂ ಹೋದರ ಹೂವಿನಾಗೇ ಸಂಸಾರ ಮಾಡಬೇಕು ಅನ್ಕೋತ ಮುಂದ ಬಗ್ಗಿದೆ. ಮೂಗಿಗೆ ಎಸಳು ತಾಗಿತು, ಸೀನು ಬಂತು, ಗುಂಡಿ ಒತ್ತಿದೆ. ಎಲ್ಲ ಒಮ್ಮೆಗೇ ಆಯ್ತು.

ಮೊಮ್ಮಗಳು ಫೋನು ಇಸಕೊಂಡು ನೋಡಿದಳು. "ಭಾಳ ಛಂದ ಬಂದಾದ ಆಯಿ. ಹೂವು ಉದುರಿದ ಮ್ಯಾಲಿನ ದೇಟು."

ಬಾಜು ಮನಿಯಾಕಿ

ಬಾಜು ಮನಿಯಾಕಿ ಕಮಲನಗರದ ಕಡೆಯಾಕಿ. ಅಕಿ ದಾಸವಾಳ ಭಾರಿ ದೊಡ್ಡದು ಅರಳಿತ್ತು. ಒಂದು ಫೋಟೊ ಹಿಡಿತೇನಿ ಅಂದೆ. "ನಿಲ್ಲು ಅಕ್ಕಾ" ಅಂತ ಒಳಗ ಹೋದಾಕಿ, ಪೌಡರು ಹಚ್ಚಿ, ಮದುವಿ ಸೀರಿ ಉಟ್ಟು ಬಂದು ಹೂವಿಗೆ ಗಲ್ಲ ಹಚ್ಚಿ ನಿಂತಳು.

"ನನಗ ಹೂವಷ್ಟೇ ಸಾಕವ್ವಾ."

"ನೀರು ಹಾಕಾಕಿ ನಾನು, ಫೋಟೊ ಹೂವಿಂದೇನು?"

ಇಬ್ಬರನ್ನೂ ಸೇರಿಸಿ ಹಿಡಿದೆ. ಈ ಲೆನ್ಸಿಗೆ ಕಡಲಿ ಕಾಳಿನಷ್ಟು ಜಾಗ ಬಿಟ್ಟು ಬ್ಯಾರೆ ಏನೂ ಕಾಣಂಗಿಲ್ಲ. ಅಕಿ ಗದ್ದದ ನರೂಲಿ, ಅದರ ಮ್ಯಾಲಿನ ಒಂದು ಕೂದಲು, ಅಷ್ಟು ಮಾತ್ರ ಸ್ಪಷ್ಟ ಬಂತು.

ಅಕಿ ಚಾಳೀಸು ಹಾಕೊಂಡು ಭಾಳ ಹೊತ್ತು ನೋಡಿದಳು. "ಇದು ಯಾವ ಗಿಡದ್ದು ಅಕ್ಕಾ?" ಅಂದಳು.

ಸಂತಪುರದ ಹೊಲ

ಹಬ್ಬ ಸನಿ ಬಂತು, ಕೈಯಾಗ ಒಂದು ಫೋಟೊ ಇಲ್ಲ. ಔರಾದ ತಾಲೂಕಿನ ಸಂತಪುರದಾಗ ನನ್ನ ತಮ್ಮನ ಹೊಲ ಅದ. ಕುಸುಬಿ ಹೂ ಬಿಟ್ಟದ ಅಂದ. ಬಸ್ಸು ಹತ್ತಿ ಹೋದೆ. ಮೈತುಂಬ ಮುಳ್ಳಿನ ಗಿಡ, ಅದರ ತುದಿಗೆ ಬೆಂಕಿ ಬಣ್ಣದ ಹೂ. ಉಸಿರು ಬಿಟ್ಟರ ಸಾಕು, ಹೂವು ಅಳ್ಳಾಡಿ ಮತ್ತ ಮಂಜು. ಅದಕ್ಕ ಹೊಲದ ದಂಡಿಗೆ ಕಂಬಳಿ ಹಾಸಿ, ಚಾಳೀಸು ತೆಗೆದಿಟ್ಟು, ಬೋರಲು ಮಲಗಿ, ಉಸಿರು ಬಿಗಿ ಹಿಡಿದೆ.

ರಸ್ತಾದ ಮ್ಯಾಲ ಒಂದು ಮೋಟಾರ್ ಸೈಕಲ್ ನಿಂತಿತು. ಸಂತಿ ಮುಗಿಸಿ ಹೊಂಟ ಒಬ್ಬಾತ ಓಡಿ ಬಂದ. "ಅಯ್ಯೋ, ಯಾರದೋ ಆಯಿಗೆ ಮೂರ್ಛಿ ಬಂದಾದ, ಕಬ್ಬಿಣ ಹಿಡಿಸಬೇಕು" ಅಂತ ಗಾಡಿ ಚಾವಿ ನನ್ನ ಮುಷ್ಟಿಯೊಳಗ ತುರುಕಿದ. ಚೀಲದಾಗಿನ ಉಳ್ಳಾಗಡ್ಡಿ ಗುದ್ದಿ ಒಡೆದು ಮೂಗಿಗೆ ಹಿಡಿದ. ಹೂವು ಆಗಷ್ಟೇ ನಿಚ್ಚಳ ಆಗಿತ್ತು. ಕಣ್ಣಾಗ ನೀರು ಸುರಿದರೂ ನಾನು ಮಿಸುಕಲಿಲ್ಲ. ಗುಂಡಿ ಒತ್ತಿ, ಆಮ್ಯಾಲ ಉಸಿರು ಬಿಟ್ಟೆ.

"ನನಗೇನೂ ಆಗಿಲ್ಲಪ್ಪ, ಫೋಟೊ ಹಿಡಿಲತ್ತೇನಿ."

"ಮೊದಲೇ ಹೇಳಬಾರದೇನ್ರಿ?"

"ಮಾತಾಡಿದರ ಹೂ ಅಳ್ಳಾಡ್ತದ."

ಆತ ಹೂವು ನೋಡಿದ, ನನ್ನ ನೋಡಿದ, ಒಡೆದ ಉಳ್ಳಾಗಡ್ಡಿ ನೋಡಿದ. "ಜೀವಕ್ಕ ಏನೂ ಆಗಿಲ್ಲಂದ್ರ ಇದು ವಾಪಸ ಒಯ್ತೇನ್ರಿ ಆಯಿ. ಮನ್ಯಾಗ ಪಲ್ಯಾಕ್ಕ ಕಾಯ್ಲತ್ತಾರ."

ಲಿಲಾವು

ಅದೇ ಫೋಟೊ ಮೊಮ್ಮಗಳಿಗೆ ಕಳಿಸಿದೆ. ಹೂವಿನ ಎಳಿ ಎಳಿ ಕಾಣ್ಲತ್ತದ, ದೇಟಿನ ಮ್ಯಾಲ ಕರಿಮಣಿ ಪೋಣಿಸಿದಂಗ ಡಿಸೈನ್ ಬಂದಾದ ಅಂತ ಹಿಗ್ಗಿದಳು. ಬೀದರದಾಗ ಹುಟ್ಟಿ ಬೆಳೆದಾಕಿ, ಹೊಲದ ಮಾತು ಅಕಿಗೇನು ಗೊತ್ತು. ಬಾಗಿಲದಷ್ಟು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದಳು.

ಹಬ್ಬದ ದಿನ ಕುಂಬಳಕಾಯಿ ಹೋಯ್ತು, ಕೋಳಿ ಹೋಯ್ತು. ನನ್ನ ಫೋಟೊ ಎತ್ತಿ ಹಿಡಿದರು. ಊರೂರಿಂದ ಬಂದ ರೈತರು ಎದ್ದು ಮುಂದ ಬಂದರು. ಮೊಮ್ಮಗಳು ನನ್ನ ಕೈ ಗಟ್ಟಿ ಹಿಡಿದಳು.

"ಇದು ಯಾರ ಹೊಲರಿ?" ಅಂದ ಒಬ್ಬ. "ಕುಸುಬಿಗೆ ಪೂರಾ ಹೇನು ಹತ್ತ್ಯಾವಲ್ಲ."

"ಎಂಟು ದಿನದಾಗ ಹೊಲ ಸಫಾ" ಅಂದ ಇನ್ನೊಬ್ಬ.

ಆ ಕರಿಮಣಿಗೆ ಕಾಲು ಇರೋದು ನನಗ ಆವಾಗ ಕಂಡಿತು. ಸವಾಲು ಕೂಗಾವರು ಎರಡು ಸಲ ಕೂಗಿದರು, ಯಾರೂ ಬಾಯಿ ಬಿಡಲಿಲ್ಲ. ಸಂಘದ ಹೆಣ್ಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡರು. ಮೊಮ್ಮಗಳು ನೆಲ ನೋಡ್ಲತ್ತಳು.

ಹಿಂದಿನಿಂದ ಒಂದು ದನಿ ಬಂತು. "ನನಗಿರಲಿ." ಔರಾದದಾಗ ಬೆಳಿಗೆ ಹೊಡಿಯೋ ಔಷಧ ಮಾರೋ ಅಂಗಡಿಯವರು. ಕೋಳಿಗಿಂತ ಹೆಚ್ಚು ರೇಟು ಕೂಗಿ ಅವರೇ ಒಯ್ದರು. ಮೊಮ್ಮಗಳು ತಲಿ ಎತ್ತಿ ಸಂಘದವರ ಕಡೆ ಒಮ್ಮೆ ನೋಡಿದಳು. ನನಗ ಅಷ್ಟು ಸಾಕಾಯ್ತು.

ಈಗ ಅದು ಅವರ ಅಂಗಡಿ ಗ್ವಾಡಿ ಮ್ಯಾಲ ಅದ. ಹಬ್ಬದ ಮರುದಿನಾನೇ ಸಂತಪುರದಿಂದ ನನ್ನ ತಮ್ಮ ಹೋಗಿ ಅದಕ್ಕೇ ಬೊಟ್ಟು ಮಾಡಿ, "ಇಂಥಾವು ನಮ್ಮ ಹೊಲದಾಗೂ ಅವರಿ, ಔಷಧ ಕೊಡ್ರಿ" ಅಂದನಂತ.